ಹರ್ಲಿಂಗ್ ನೋಡಲು ಐರ್ಲೆಂಡಿಗೆ: ಮೊದಲು ಪಂದ್ಯಗಳ ಪಟ್ಟಿ, ಆಮೇಲೆ ವಿಮಾನದ ಟಿಕೆಟ್

ಬೇಸಿಗೆಯಲ್ಲಿ ಐರ್ಲೆಂಡಿಗೆ ಬರುವ ನೆಂಟರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಕಡಲ ಬಂಡೆಗಳನ್ನು ನೋಡಿ, ಕೋಟೆಗಳನ್ನು ನೋಡಿ, ಆದರೆ ಒಂದು ಭಾನುವಾರವನ್ನು ಇಲ್ಲಿನವರ ಕೋಲು-ಚೆಂಡಿನ ಆಟ ಹರ್ಲಿಂಗ್‌ಗೆ ಎತ್ತಿಡಿ. ಅದು ಯಾವ ಭಾನುವಾರ ಅಂತ ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಗೊತ್ತು ಮಾಡಿಕೊಳ್ಳಿ. ಏಪ್ರಿಲ್ ಮೂರನೇ ವಾರದಿಂದ ಜುಲೈ ಮೂರನೇ ವಾರದವರೆಗೆ, ಬರೀ ಮೂರು ತಿಂಗಳಲ್ಲಿ ಕೌಂಟಿಗಳ, ಅಂದರೆ ಜಿಲ್ಲೆಗಳ, ನಡುವಿನ ದೊಡ್ಡ ಆಲ್ ಐರ್ಲೆಂಡ್ ಚಾಂಪಿಯನ್‌ಶಿಪ್ ಮುಗಿದುಹೋಗುತ್ತದೆ. ಆಗಸ್ಟ್‌ನಲ್ಲಿ ಬಂದರೆ ಕೌಂಟಿ ತಂಡಗಳ ಒಂದು ಪಂದ್ಯವೂ ಸಿಗುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ತಂಡದಲ್ಲಿ 15 ಜನ, 70 ನಿಮಿಷದ ಆಟ. ಕೈಯಲ್ಲಿ ಆಶ್ ಮರದ ಅಗಲ ತುದಿಯ ಕೋಲು, ಅದು ಹರ್ಲಿ. ಚೆಂಡಿನ ಹೆಸರು ಸ್ಲಿಟರ್. ನೆಲದಲ್ಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು, ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಲೂಬಹುದು. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ 3 ಅಂಕ. ಮೇಲಿಂದ ಕಂಬಗಳ ನಡುವೆ ಹೋದರೆ 1 ಅಂಕ. ಬೋರ್ಡಿನಲ್ಲಿ 3-27 ಅಂತ ಕಂಡರೆ 3 ಗೋಲು, 27 ಪಾಯಿಂಟ್, ಒಟ್ಟು 36. ಇಷ್ಟು ತಿಳಿದರೆ ಸಾಕು, ಉಳಿದದ್ದನ್ನು ಪಕ್ಕದಲ್ಲಿ ನಿಂತವರೇ ಖುಷಿಯಿಂದ ಹೇಳಿಕೊಡುತ್ತಾರೆ.

ಈ ಆಟಗಾರರಲ್ಲಿ ಯಾರಿಗೂ ಆಡುವುದಕ್ಕೆ ಸಂಬಳವಿಲ್ಲ. ಭಾನುವಾರ ನಲವತ್ತು ಸಾವಿರ ಜನರ ಮುಂದೆ ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಇಲ್ಲವೇ ಹಾಲು ಕರೆಯುತ್ತಾನೆ. ತಂಡಗಳ ನಡುವೆ ಕೊಳ್ಳುವುದು ಮಾರುವುದು ಇಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್, ಆ ಊರಿನ ಕೌಂಟಿ, ಅಷ್ಟೇ. ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ನೋಡಿದವರಿಗೆ ಈ ಭಾವ ಹೊಸದಲ್ಲ. ತನ್ನ ಮನೆತನದ ಹೆಸರಿಗಾಗಿ ಓಡುವವನ ಓಟವೇ ಬೇರೆ, ಅಲ್ವಾ?

ಎಲ್ಲರೂ ಮೊದಲು ಕೇಳುವುದು ಆಲ್ ಐರ್ಲೆಂಡ್ ಫೈನಲ್ ಬಗ್ಗೆ. ಡಬ್ಲಿನ್‌ನ ಕ್ರೋಕ್ ಪಾರ್ಕ್, 82,300 ಜನ, ಗೆದ್ದವರಿಗೆ ಲಿಯಮ್ ಮೆಕಾರ್ಥಿ ಕಪ್. ಆಸೆ ಸಹಜ. ಆದರೆ ಫೈನಲ್ ಟಿಕೆಟ್‌ಗಳು ಕೌಂಟಿಗಳ ಮತ್ತು ಕ್ಲಬ್‌ಗಳ ಮೂಲಕ ಹಂಚಿಹೋಗುತ್ತವೆ. ಯಾವ ಕ್ಲಬ್‌ನ ನಂಟೂ ಇಲ್ಲದ ಪ್ರವಾಸಿಗೆ ಸಿಗುವುದು ಬಹಳ ಕಷ್ಟ. ಅದನ್ನು ನಂಬಿ ರಜೆ ಹಾಕಬೇಡಿ. ಚಾಂಪಿಯನ್‌ಶಿಪ್ ಶುರುವಾಗುವುದು ಪ್ರಾಂತ್ಯಗಳಲ್ಲಿ, ನನ್ನ ಸಲಹೆ ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ಲೀಗ್ ಸುತ್ತು. ಏಪ್ರಿಲ್ ಕೊನೆ, ಮೇ ತಿಂಗಳು. ಕಾರ್ಕ್, ಲಿಮರಿಕ್, ಟಿಪ್ಪರೆರಿ, ಕ್ಲೇರ್, ವಾಟರ್‌ಫರ್ಡ್, ಐದೇ ತಂಡ. ಒಬ್ಬೊಬ್ಬರಿಗೆ ನಾಲ್ಕು ಪಂದ್ಯ, ಎರಡು ತವರಿನಲ್ಲಿ, ಎರಡು ಹೊರಗೆ. ಮೊದಲ ಮೂವರು ಮಾತ್ರ ಆಲ್ ಐರ್ಲೆಂಡ್ ಹಂತಕ್ಕೆ. ಎರಡು ಸೋತರೆ ಕುತ್ತಿಗೆಗೆ ಬಂತು. ಹಾಗಾಗಿ ಸುಮ್ನೆ ಆಡುವ ಪಂದ್ಯ ಒಂದೂ ಇರುವುದಿಲ್ಲ.

2025ರ ಈಸ್ಟರ್ ಭಾನುವಾರ ಮೈಸೂರಿನಿಂದ ಬಂದಿದ್ದ ಅಕ್ಕ, ಭಾವನನ್ನು ಕರೆದುಕೊಂಡು ಟಿಪ್ಪರೆರಿ ತಂಡದ ತವರೂರು ಥರ್ಲೆಸ್‌ಗೆ ಹೋದೆ. ಟಿಪ್ಪರೆರಿ ಮತ್ತು ಲಿಮರಿಕ್ ನಡುವಿನ ಮೊದಲ ಸುತ್ತಿನ ಪಂದ್ಯ. ಮೊದಲ ಸಲ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಕಾರ್ಕ್ ಕಡೆಯ ರೈಲು ಹತ್ತಿದರೆ ಸುಮಾರು ಒಂದೂಕಾಲು ಗಂಟೆ. ನಿಲ್ದಾಣದಿಂದ ಸೆಂಪಲ್ ಸ್ಟೇಡಿಯಂಗೆ ನಡೆದೇ ಹೋಗಬಹುದು. ಆದರೆ ನೇರ ಮೈದಾನಕ್ಕೆ ಹೋಗಬೇಡಿ. ಎರಡು ಗಂಟೆ ಮೊದಲೇ ಇಳಿದು ಲಿಬರ್ಟಿ ಸ್ಕ್ವೇರ್‌ಗೆ ಹೋಗಿ. ಅಲ್ಲಿನ ಹೇಯ್ಸ್ ಹೋಟೆಲ್‌ನಲ್ಲೇ 1884ರ ನವೆಂಬರ್ 1ರಂದು ಜಿಎಎ ಹುಟ್ಟಿದ್ದು, ಅಂದರೆ ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಪಂದ್ಯದ ದಿನ ಆ ಚೌಕದ ತುಂಬ ಟಿಪ್ಪರೆರಿಯ ನೀಲಿ-ಹಳದಿ, ಲಿಮರಿಕ್‌ನ ಹಸಿರು. ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಿರುತ್ತಾರೆ. ಮೈದಾನದೊಳಗೂ ಬೇರೆ ಬೇರೆ ಕೂರಿಸುವ ಪದ್ಧತಿ ಇಲ್ಲ. ಮಕ್ಕಳನ್ನು ಧೈರ್ಯವಾಗಿ ಕರೆತನ್ನಿ.

ಪಂದ್ಯ 2-23ಕ್ಕೆ 2-23, ಸಮ. ಭಾವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಬೇಡ. ಅವರು ಕೊನೆಯ ಹತ್ತು ನಿಮಿಷ ಕೂರಲೇ ಇಲ್ಲ.

ಟಿಕೆಟ್ ವಿಷಯ. ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ಹಾಗಿಲ್ಲ, ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಜಿಎಎ ವೆಬ್‌ಸೈಟ್‌ನಲ್ಲಿ ಮಾರಾಟ ಶುರುವಾಗುವ ದಿನವನ್ನೇ ಕಾದು ನೋಡಿ. ಟೆರೇಸ್ ಅಂದರೆ ನಿಂತು ನೋಡುವ ಜಾಗ, ಬೆಲೆ ಕಮ್ಮಿ, ಗದ್ದಲ ಜಾಸ್ತಿ. ಸೆಂಪಲ್‌ನಲ್ಲಿ ಕಿಲ್ಲಿನನ್ ಎಂಡ್ ಹಾಗೂ ಟೌನ್ ಎಂಡ್ ಎರಡೂ ಟೆರೇಸ್‌ಗಳೇ. ವಯಸ್ಸಾದವರಿದ್ದರೆ ಸ್ಟ್ಯಾಂಡ್, ಅಂದರೆ ಕೂತು ನೋಡುವ ಜಾಗ, ತೆಗೆದುಕೊಳ್ಳಿ. ಕ್ಲೇರ್ ತಂಡದ ತವರು ಎನ್ನಿಸ್‌ನ ಕ್ಯೂಸಾಕ್ ಪಾರ್ಕ್ ಮತ್ತು ವಾಟರ್‌ಫರ್ಡ್‌ನ ವಾಲ್ಷ್ ಪಾರ್ಕ್ ಚಿಕ್ಕವು, ಅಲ್ಲಿನ ಟಿಕೆಟ್‌ಗಳು ಬೇಗ ಮುಗಿದುಹೋಗುತ್ತವೆ. ಥರ್ಲೆಸ್, ಲಿಮರಿಕ್, ಕಾರ್ಕ್ ಮೈದಾನಗಳು ದೊಡ್ಡವು, ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಪಂದ್ಯಗಳ ಪಟ್ಟಿ ಓದುವುದರಲ್ಲಿ ಒಂದು ಸೂಕ್ಷ್ಮ ಇದೆ. ಲೀಗ್ ಸುತ್ತಿನ ವಾರಾಂತ್ಯಗಳು ತಿಂಗಳುಗಳ ಮೊದಲೇ ಗೊತ್ತಾಗುತ್ತವೆ. ಈ ವರ್ಷ ತವರಿನಲ್ಲಿ ಆಡಿದ ಪಂದ್ಯ ಮುಂದಿನ ವರ್ಷ ಎದುರಾಳಿಯ ಊರಿಗೆ ಹೋಗುತ್ತದೆ. ಆದರೆ ಶನಿವಾರವೋ ಭಾನುವಾರವೋ, ಎಷ್ಟು ಗಂಟೆಗೆ ಅನ್ನುವುದು ತಡವಾಗಿ ಬರುತ್ತದೆ. ಹಾಗಾಗಿ ಎರಡೂ ದಿನ ಖಾಲಿ ಇಟ್ಟುಕೊಳ್ಳಿ. ಮನ್‌ಸ್ಟರ್ ಫೈನಲ್ ಎಲ್ಲಿ ಅನ್ನುವುದಂತೂ ಯಾರು ಫೈನಲ್ ಸೇರಿದರು ಅನ್ನುವುದರ ಮೇಲಿದೆ. ಮೇ ಕೊನೆಯವರೆಗೆ ಅದು ಗೊತ್ತಾಗುವುದಿಲ್ಲ. ಜೂನ್‌ಗೆ ಬರುವವರು ಮೊದಲೇ ಯೋಜನೆ ಹಾಕಬೇಕೆಂದರೆ ಪೂರ್ವದ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್ ನೋಡಿ, ಅದು ಕ್ರೋಕ್ ಪಾರ್ಕ್‌ನಲ್ಲೇ. ಜುಲೈಗೆ ಬರುವವರಿಗೆ ಅಲ್ಲೇ ನಡೆಯುವ ಸೆಮಿಫೈನಲ್‌ಗಳು ಚಿನ್ನದಂಥ ಅವಕಾಶ. ಅವುಗಳ ಟಿಕೆಟ್ ಸಾರ್ವಜನಿಕರಿಗೂ ಸಿಗುತ್ತದೆ.

ಇನ್ನೊಂದು ಮುಖ್ಯ ವಿಷಯ, ವಾಪಸ್ ರೈಲು. ಲೀಗ್ ಸುತ್ತಿನಲ್ಲಿ ಸಮವಾದರೆ ಅಲ್ಲಿಗೇ ಮುಗಿಯಿತು. ಪ್ರಾಂತ್ಯದ ಫೈನಲ್‌ನಲ್ಲಿ ಹಾಗಲ್ಲ, ಹೆಚ್ಚುವರಿ ಸಮಯ ಇದೆ, ಆಮೇಲೆ ಪೆನಾಲ್ಟಿ ಇದೆ. 2025ರ ಜೂನ್ 7, ಶನಿವಾರ, ಲಿಮರಿಕ್‌ನ ಗೇಲಿಕ್ ಗ್ರೌಂಡ್ಸ್‌ನಲ್ಲಿ ಮನ್‌ಸ್ಟರ್ ಫೈನಲ್ ಅನ್ನು ಕಾರ್ಕ್ ಗೆದ್ದದ್ದು ಪೆನಾಲ್ಟಿಯಲ್ಲೇ. ಅಂಥ ದಿನ ಲಿಮರಿಕ್‌ನಲ್ಲೇ ರೂಮ್ ಮಾಡಿ. ಡಬ್ಲಿನ್ ಕಡೆಗೆ ಸಾಮಾನ್ಯವಾಗಿ ಲಿಮರಿಕ್ ಜಂಕ್ಷನ್‌ನಲ್ಲಿ ರೈಲು ಬದಲಿಸಬೇಕು, ತಪ್ಪಿದರೆ ರಾತ್ರಿ ಕಷ್ಟ.

ಯಾವ ತಂಡದ ಪಂದ್ಯ ನೋಡಬೇಕು? ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಏಪ್ರಿಲ್‌ನ ಲೆಕ್ಕ ಜುಲೈಗೆ ನಿಲ್ಲುವುದಿಲ್ಲ ಅನ್ನುವುದಕ್ಕೆ 2025 ಸಾಕ್ಷಿ. 2024ರಲ್ಲಿ ಟಿಪ್ಪರೆರಿ ಮನ್‌ಸ್ಟರ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಕೊನೆಯ ಸ್ಥಾನದಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಕಾರ್ಕ್ ಎದುರು 15 ಅಂಕದಿಂದ ಸೋತಿತು. ಜುಲೈ 20ರ ಫೈನಲ್‌ನಲ್ಲಿ ಅದೇ ಕಾರ್ಕ್ ತಂಡ ಅರ್ಧ ವೇಳೆಗೆ 6 ಅಂಕ ಮುಂದಿತ್ತು. ದ್ವಿತೀಯಾರ್ಧದಲ್ಲಿ ಕಾರ್ಕ್‌ಗೆ ಬಂದದ್ದು ಬರೀ 2 ಪಾಯಿಂಟ್. ಟಿಪ್ಪರೆರಿ 3-27ಕ್ಕೆ 1-18ರಿಂದ, ಮತ್ತೆ ಸರಿಯಾಗಿ 15 ಅಂಕದ ಅಂತರದಿಂದ, ಕಪ್ ಎತ್ತಿತು. ಲೀಗ್ ಸುತ್ತು ಮುಗಿದಾಗ ಲಿಮರಿಕ್, ಕಾರ್ಕ್, ಟಿಪ್ಪರೆರಿ ಮೂರಕ್ಕೂ ಲೀಗ್ ಪಟ್ಟಿಯಲ್ಲಿ ತಲಾ 5 ಪಾಯಿಂಟ್ ಇತ್ತು. ಕಪ್ ಗೆದ್ದದ್ದು ಅವರಲ್ಲಿ ಮೂರನೆಯವರು! 2024ರ ಚಾಂಪಿಯನ್ ಕ್ಲೇರ್ 2025ರಲ್ಲಿ ಪ್ರಾಂತ್ಯದಿಂದಲೇ ಹೊರಗೆ ಬರಲಿಲ್ಲ.

ಆದರೂ ನನ್ನ ಅಂದಾಜು ಹೇಳುತ್ತೇನೆ. ಟಿಪ್ಪರೆರಿ 2025ರಲ್ಲಿ 20 ವರ್ಷದೊಳಗಿನವರ ಆಲ್ ಐರ್ಲೆಂಡ್ ಕಪ್ಪನ್ನೂ ಗೆದ್ದಿದೆ. ಹುಡುಗರು ಸಾಲಾಗಿ ಬರುತ್ತಿದ್ದಾರೆ, ಅವರು ಇನ್ನೂ ಕೆಲವು ವರ್ಷ ಮೇಲೆಯೇ ಇರುತ್ತಾರೆ. ಕಾರ್ಕ್‌ಗೆ 2005ರ ನಂತರ ಕಪ್ ಇಲ್ಲ, 2024 ಮತ್ತು 2025 ಎರಡೂ ಫೈನಲ್ ಸೋತಿದೆ. 2025ರ ಸೆಮಿಫೈನಲ್‌ನಲ್ಲಿ ಡಬ್ಲಿನ್ ಮೇಲೆ 7 ಗೋಲು ಹೊಡೆದ ತಂಡ ಅದು. ಅವರ ಕೆಂಪು ಜನಸಾಗರವನ್ನು ನೋಡಲೆಂದೇ ಕಾರ್ಕ್‌ನ ಪಾರ್ಕ್ ಈ ಕೀವ್‌ಗೆ ಹೋಗಬಹುದು. ಲಿಮರಿಕ್ 2020ರಿಂದ 2023ರವರೆಗೆ ನಾಲ್ಕೂ ಕಪ್ ಗೆದ್ದಿತ್ತು. 2025ರ ಕ್ವಾರ್ಟರ್ ಫೈನಲ್‌ನಲ್ಲಿ 14 ಜನರಿಗಿಳಿದಿದ್ದ ಡಬ್ಲಿನ್ ಎದುರು ಸೋತರು. ಆ ಒಂದು ಸೋಲಿನಿಂದ ಅವರ ಕಾಲ ಮುಗಿಯಿತು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೆಟ್ ಕಟ್ಟುವವನಾಗಿದ್ದರೆ ಲಿಮರಿಕ್ ಮೇಲೆಯೇ ಕಟ್ಟುತ್ತಿದ್ದೆ. ವಾಟರ್‌ಫರ್ಡ್ 1959ರಿಂದ ಕಾಯುತ್ತಿದೆ. ಅವರು ಗೆದ್ದರೆ ಇಡೀ ದ್ವೀಪಕ್ಕೆ ಸಂತೋಷವಾಗುತ್ತದೆ, ಆದರೆ ಮನ್‌ಸ್ಟರ್‌ನ ಈ ಲೀಗ್ ಸುತ್ತಿನಲ್ಲಿ ಮೂರರೊಳಗೆ ಬರುವುದೇ 2025ರವರೆಗೂ ಅವರಿಗೆ ಕೈಗೂಡಿರಲಿಲ್ಲ.

ಲೆನ್‌ಸ್ಟರ್ ಕಡೆ ಕಿಲ್ಕೆನಿ. ಎಲ್ಲರಿಗಿಂತ ಹೆಚ್ಚು, 36 ಕಪ್. 2020ರಿಂದ 2025ರವರೆಗೆ ಆರು ಸಲ ಸಾಲಾಗಿ ಲೆನ್‌ಸ್ಟರ್ ಗೆದ್ದಿದ್ದಾರೆ, ಆದರೆ ಆಲ್ ಐರ್ಲೆಂಡ್ ಕಪ್ ಬಂದು 2015ಕ್ಕೇ ನಿಂತಿದೆ. ಗಾಲ್ವೇ ಕೊನೆಯದಾಗಿ ಗೆದ್ದದ್ದು 2017ರಲ್ಲಿ. ಪ್ರವಾಸಿಗೆ ಕಿಲ್ಕೆನಿ ಬಹಳ ಅನುಕೂಲ. ಹ್ಯೂಸ್ಟನ್‌ನಿಂದ ನೇರ ರೈಲು, ನೌಲನ್ ಪಾರ್ಕ್ ಮೈದಾನ ನಿಲ್ದಾಣದ ಹತ್ತಿರವೇ, ಜೊತೆಗೆ ಹಳೆಯ ಕೋಟೆಯೂ ನೋಡಿದ ಹಾಗಾಯಿತು.

ಸಣ್ಣಪುಟ್ಟ ವಿಷಯಗಳು. ಮೇ ತಿಂಗಳಲ್ಲೂ ರೇನ್‌ಕೋಟ್ ಬೇಕು. ಕೊಡೆ ಬೇಡ, ಟೆರೇಸ್‌ನಲ್ಲಿ ಹಿಂದಿನವರಿಗೆ ಅಡ್ಡ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಮೈದಾನದ ಸುತ್ತ ಚಿಪ್ಸ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅಕ್ಕ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದಳು, ರೈಲಿನಲ್ಲೇ ಊಟ ಆಯಿತು. ನೀವೂ ಹಾಗೇ ಮಾಡಿ. ವೀಸಾ ಬಗ್ಗೆ ಒಂದು ಎಚ್ಚರಿಕೆ: ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ. ಬೇರೆಯೇ ಅರ್ಜಿ ಹಾಕಬೇಕು, ಚಾಂಪಿಯನ್‌ಶಿಪ್‌ಗೆ ತಿಂಗಳುಗಳ ಮೊದಲೇ.

ರಜೆ ಸೆಪ್ಟೆಂಬರ್‌ನಲ್ಲೇ ಸಿಕ್ಕಿದರೆ ಬೇಸರ ಬೇಡ. ಆಗ ಪ್ರತಿ ಕೌಂಟಿಯಲ್ಲೂ ಊರೂರ ಕ್ಲಬ್‌ಗಳ ಚಾಂಪಿಯನ್‌ಶಿಪ್ ನಡೆಯುತ್ತಿರುತ್ತದೆ. ಟಿಕೆಟ್ ಸುಲಭ, ಬೆಲೆಯೂ ಕಮ್ಮಿ. ಜುಲೈನಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಆಡಿದವರೇ ನಿಮ್ಮಿಂದ ಹತ್ತು ಅಡಿ ದೂರದಲ್ಲಿ ತಮ್ಮ ಊರಿಗಾಗಿ ಆಡುತ್ತಿರುತ್ತಾರೆ.