ರಸಮಟ್ಟಕ್ಕೆ ಸಿಗದ ಇಳಿಜಾರು

ಕೆಂಪು ಚೆಂಡು ಹೊಸ ಸ್ನೂಕರ್ ಮೇಜಿನ ಮುಕ್ಕಾಲು ಭಾಗ ನೇರವಾಗಿ ಹೋಗಿ, ಇನ್ನೇನು ನಿಲ್ಲಬೇಕು ಎನ್ನುವಾಗ ಎಡಕ್ಕೆ ಹೊರಳಿತು. ಮಗಳು ಮತ್ತೊಮ್ಮೆ ಉರುಳಿಸಿದಳು. ಮತ್ತೆ ಎಡಕ್ಕೆ. ಮೂರನೆಯ ಸಲವೂ ಹಾಗೆಯೇ ಆದಾಗ ಏನೂ ಹೇಳದೆ ನನ್ನ ಮುಖ ನೋಡಿದಳು. ಮೇಜು ಜೋಡಿಸಲು ಬೆಂಗಳೂರಿನಿಂದ ಬಂದಿದ್ದ ಇಬ್ಬರು ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಸಿ, ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು, ಕತ್ತಲಾಗುವುದರೊಳಗೆ ಹಾಸನ ದಾಟಬೇಕೆಂದು ಹೊರಟು ಹೋಗಿದ್ದರು. ಹೋಗುವ ಮುಂಚೆ ಮೇಜು ಸಮವಾಗಿದೆಯೆಂದು ರಸಮಟ್ಟ ಇಟ್ಟು ತೋರಿಸಿದ್ದರು. ಗುಳ್ಳೆ ನಟ್ಟನಡುವೆ ನಿಂತಿತ್ತು. ಗುಳ್ಳೆಯನ್ನು ನಂಬಿ ನಾನು ಸಹಿ ಹಾಕಿದ್ದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ತಿಂಗಳು ಯೋಚಿಸಿ, ಅಳೆದು, ಹಣ ಕೂಡಿಸಿ ತಂದ ಮೇಜು ಅದು. ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ, ಹಿಂದೆ ಕಾಫಿ ಮೂಟೆ ಒಟ್ಟುತ್ತಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಹದಿನಾಲ್ಕು ವರ್ಷದ ಮಗಳಿಗೆ ಈ ಆಟದ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರ ಪಂದ್ಯಗಳನ್ನು ನೋಡಿ. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಇದೇ ಬಗೆಯ ಮೇಜಿನ ಇನ್ನೊಂದು ಆಟವಾದ ಬಿಲಿಯರ್ಡ್ಸ್‌ನಲ್ಲಿ 2012ರ ಮಹಿಳೆಯರ ವಿಶ್ವ ಪ್ರಶಸ್ತಿ ಗೆದ್ದ ನಮ್ಮ ರಾಜ್ಯದ ಆರ್. ಉಮಾದೇವಿಯವರ ಬಗ್ಗೆ ನಾನು ಹೇಳಿದ ಮೇಲಂತೂ ಅವಳು ಮನೆಯಲ್ಲಿ ಬೇರೆ ಮಾತೇ ಆಡಲಿಲ್ಲ.

ಮೇಜಿನ ಅಳತೆಯನ್ನು ನಿರ್ಧರಿಸುವುದು ಮೇಜಲ್ಲ, ಚೆಂಡು ಹೊಡೆಯುವ ಕೋಲು, ಅಂದರೆ ಕ್ಯೂ. ಸಾಮಾನ್ಯ ಕ್ಯೂ ನಾಲ್ಕು ಅಡಿ ಹತ್ತು ಇಂಚು ಉದ್ದವಿರುತ್ತದೆ. ಮೇಜಿನ ನಾಲ್ಕೂ ಕಡೆ ಅಷ್ಟು ಜಾಗ ಬಿಡದಿದ್ದರೆ ಗೋಡೆಗೆ ಮೊಣಕೈ ತಾಗಿಸಿಕೊಂಡು ಆಡಬೇಕಾಗುತ್ತದೆ. ಪಂದ್ಯಗಳಲ್ಲಿ ಬಳಸುವ ಪೂರ್ಣ ಅಳತೆಯ ಮೇಜು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ತೂಕ ಒಂದು ಟನ್ನಿಗೂ ಮೇಲೆ. ಅದು ನಮ್ಮ ಕೋಣೆಗೆ ಕನಸಿನಲ್ಲೂ ಹಿಡಿಸುವುದಿಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ್ದಾದರೆ ಹದಿನೆಂಟಕ್ಕೆ ಹದಿನಾಲ್ಕರ ಕೋಣೆ ಸಾಕು. ನಾವು ಹಳೆಯ ಪತ್ರಿಕೆಗಳನ್ನು ಅಂಟಿಸಿ ಎಂಟಕ್ಕೆ ನಾಲ್ಕರ ಹಾಳೆ ಮಾಡಿ ನೆಲದ ಮೇಲೆ ಹಾಸಿದೆವು. ನಾಲ್ಕು ಅಡಿ ಹತ್ತು ಇಂಚಿಗೆ ಕತ್ತರಿಸಿದ ಅಡಿಕೆ ದಬ್ಬೆಯನ್ನು ಕೋಲಿನಂತೆ ಹಿಡಿದು ಮಗಳು ಆ ಕಾಗದದ ಸುತ್ತ ಬಗ್ಗಿ ಬಗ್ಗಿ ನೋಡಿದಳು. ಕಿಟಕಿಯ ಮೂಲೆಯೊಂದರಲ್ಲಿ ಮಾತ್ರ ದಬ್ಬೆ ತಾಗಿತು. ಹಾಳೆಯನ್ನು ಮೂರು ಇಂಚು ಸರಿಸಿದೆವು, ಸರಿಹೋಯಿತು.

ಮೇಜಿನ ಬಟ್ಟೆಯ ಅಡಿಗೆ ಬರುವ ಹಾಸುಗಲ್ಲಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಅರ್ಧ ಬೆಲೆಗೆ ಒತ್ತುಹಲಗೆಯ ಹಾಸಿನ ಮೇಜುಗಳು ಸಿಗುತ್ತವೆ. ನೆಂಟರೊಬ್ಬರ ಮನೆಯಲ್ಲಿ ಅಂಥದ್ದೊಂದು ಒಂದೇ ಮಳೆಗಾಲಕ್ಕೆ ನಡುವೆ ಜೋತು ಬಿದ್ದಿದ್ದನ್ನು ನೋಡಿದ್ದೆ. ನಮ್ಮ ಕಡೆ ಆಷಾಢ ಬಂದರೆ ಬೀಟೆಯ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಪುಡಿ ಒತ್ತಿ ಮಾಡಿದ ಹಲಗೆಯ ಪಾಡೇನು? ಇಂಗ್ಲೆಂಡಿನಲ್ಲಿಯೂ ಮೊದಲು ಮರದ ಹಾಸೇ ಇದ್ದದ್ದು. ಲಂಡನ್ನಿನ ಜಾನ್ ಥರ್ಸ್ಟನ್ 1826ರ ಸುಮಾರಿಗೆ ಸ್ಲೇಟ್ ಕಲ್ಲನ್ನು ಹಾಸಲು ಶುರುಮಾಡಿದ ಮೇಲೆ ಆಟವೇ ಬದಲಾಯಿತು. ಕಲ್ಲು ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ. ನಮ್ಮ ಮೇಜಿಗೆ ಬಂದದ್ದು ಮೂರು ತುಂಡು ಸ್ಲೇಟ್, ಮೂರೂ ಸೇರಿ ಇನ್ನೂರು ಕಿಲೋಗೂ ಹೆಚ್ಚು. ಕಾಫಿ ಮೂಟೆ ಹೊರುವ ನಾಲ್ಕು ಜನ ಅದನ್ನು ಗಾಜಿನಂತೆ ಅಂಚಿನ ಮೇಲೆ ನಿಲ್ಲಿಸಿಯೇ ಒಳಗೆ ತಂದರು. ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಸೀಳಬಹುದು.

ಇಷ್ಟೆಲ್ಲ ಮಾಡಿಯೂ ಚೆಂಡು ಎಡಕ್ಕೆ ಹೊರಳುತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಾರ್ಕರ್ ಬಂದರು. ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಮೂವತ್ತೆಂಟು ವರ್ಷ ಬಿಲಿಯರ್ಡ್ಸ್ ಕೋಣೆ ನೋಡಿಕೊಂಡವರು. ನಿವೃತ್ತರಾಗಿ ಎಷ್ಟೋ ವರ್ಷಗಳಾದರೂ ಊರಿನವರಿಗೆಲ್ಲ ಅವರು ಮಾರ್ಕರ್ ಎಂದೇ ಪರಿಚಿತರು. ಅಂಕ ಬರೆಯುವುದು, ಚೆಂಡು ತೆಗೆದಿಡುವುದು, ಸದಸ್ಯರಿಗೆ ಜೊತೆಗಾರ ಸಿಗದ ದಿನ ಎದುರು ನಿಂತು ಆಡುವುದು, ಎಲ್ಲರೂ ಮನೆಗೆ ಹೋದ ಮೇಲೆ ಮೇಜಿನ ಬಟ್ಟೆ ಗುಡಿಸಿ ಇಸ್ತ್ರಿ ಹಾಕುವುದು, ಇವೆಲ್ಲ ಅವರ ಕೆಲಸ. ನಾನು ಕುರ್ಚಿ ಎಳೆದೆ. "ಬೇಡ ಗೌಡರೇ, ಮೇಜಿರುವ ಕೋಣೆಯಲ್ಲಿ ಕೂತು ನನಗೆ ಅಭ್ಯಾಸವಿಲ್ಲ" ಎಂದು ಬಾಗಿಲ ಬಳಿಯೇ ನಿಂತು ಕಾಫಿ ಕುಡಿದರು.

ಆಮೇಲೆ ಚೆಂಡು ಕೈಗೆತ್ತಿಕೊಂಡು, ಕೂಸನ್ನು ನೆಲಕ್ಕೆ ಬಿಡುವಷ್ಟು ಮೆಲ್ಲಗೆ ಉರುಳಿಸಿದರು. ವೇಗವಾಗಿ ಹೋಗುವ ಚೆಂಡು ಮೇಜಿನ ತಪ್ಪನ್ನು ಮುಚ್ಚಿಡುತ್ತದೆಯಂತೆ. ನಿಲ್ಲಲಿರುವ ಚೆಂಡು ಮಾತ್ರ ನಿಜ ಹೇಳುತ್ತದೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಹೀಗೆ ಹತ್ತು ಹನ್ನೆರಡು ಸಲ ಉರುಳಿಸಿ, ಎಲ್ಲೂ ಗುರುತು ಹಾಕದೆ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡರು. ನಾನು ರಸಮಟ್ಟ ತೋರಿಸಿದೆ. "ಗೋಡೆ ಕಟ್ಟುವವನಿಗೆ ಇದು ಸಾಕು. ಚೆಂಡಿಗೆ ಸಾಲದು" ಎಂದರು. ತಮ್ಮ ಚೀಲದಿಂದ ಎಣ್ಣೆ ಕಾಗದದಲ್ಲಿ ಸುತ್ತಿದ್ದ, ಲೇತ್ ಕಾರ್ಖಾನೆಗಳಲ್ಲಿ ಬಳಸುವಂಥ ಭಾರದ ಲೆವೆಲ್ ಒಂದನ್ನು ತೆಗೆದರು. ಅದರಡಿ ಒಂದು ಕಾಗದದ ಚೂರು ಇಟ್ಟರೂ ಗುಳ್ಳೆ ಓಡುತ್ತಿತ್ತು.

ನಂತರ ಅವರು ಹೇಳಿದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು. ಮೇಜಿನ ಬಟ್ಟೆ ಬಿಚ್ಚಬೇಕು.

ಬಟ್ಟೆ ಇರುವಾಗ ಇಳಿಜಾರು ನೋಡಿದರೆ ಮೋಸ ಹೋಗುತ್ತೇವೆ ಎಂದು ಅವರು ಮಗಳಿಗೆ ವಿವರಿಸಿದರು. ಈ ಉಣ್ಣೆಯ ಬಟ್ಟೆಗೆ ರೋಮವಿದೆ. ಅದು ಆಟ ಶುರುಮಾಡುವ ತುದಿಯ ಬಾಕ್ ಗೆರೆಯ ಕಡೆಯಿಂದ ಎದುರು ತುದಿಯ ಕಪ್ಪು ಚೆಂಡಿನ ಚುಕ್ಕೆಯ ಕಡೆಗೆ ಮಲಗಿರುತ್ತದೆ. ಅಡ್ಡವಾಗಿ ನಿಧಾನಕ್ಕೆ ಉರುಳಿದ ಚೆಂಡು ರೋಮ ಮಲಗಿದ ಕಡೆಗೆ ಕೊಂಚ ವಾಲುತ್ತದೆ. ಅದು ಬಟ್ಟೆಯ ಗುಣ, ಮೇಜಿನ ದೋಷವಲ್ಲ. ಎರಡನ್ನೂ ಬೇರೆ ಮಾಡಿ ನೋಡಬೇಕಾದರೆ ಬರಿಗಲ್ಲೇ ಬೇಕು. "ಕರುವಿನ ಬೆನ್ನು ಸವರಿದ್ದೀಯಲ್ಲ ಕೂಸೇ? ಬಾಲದ ಕಡೆಗೆ ಸವರಿದರೆ ನುಣುಪು, ತಲೆಯ ಕಡೆಗೆ ಸವರಿದರೆ ಒರಟು. ಹಾಗೇ ಇದು." ಅವಳು ಅಂಗೈಯಿಂದ ಬಟ್ಟೆಯನ್ನು ಎರಡೂ ಕಡೆಗೆ ಸವರಿ ನಕ್ಕಳು.

ಮೇಜಿನ ಅಂಚುಗಳ ಕುಶನ್‌ಗಳ ಬೋಲ್ಟು ಬಿಚ್ಚಿ, ಬಟ್ಟೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಬಟ್ಟೆಯನ್ನು ಮಡಿಸದೆ ಸುರುಳಿ ಸುತ್ತಿಟ್ಟೆವು. ಮಾರ್ಕರ್ ಕಣ್ಣು ಮುಚ್ಚಿ ಬೆರಳ ತುದಿಯನ್ನು ಕಲ್ಲುಗಳ ಕೂಡುಗೆರೆಯ ಮೇಲೆ ಎಳೆದರು. ನಡುವಿನ ಕಲ್ಲು ಎಡಬದಿಯಲ್ಲಿ ಪಕ್ಕದ ಕಲ್ಲಿಗಿಂತ ಉಗುರಿನ ದಪ್ಪದಷ್ಟು ಎದ್ದಿತ್ತು. ಜೋಡಿಸಿದವರು ಆ ಏರುಪೇರನ್ನು ಮೆತ್ತುವ ಪುಟ್ಟಿಯಲ್ಲಿ ಮುಚ್ಚಿದ್ದರು, ಅದು ಆಗಲೇ ಬಿರುಕು ಬಿಟ್ಟಿತ್ತು. ಮೂಲ ಕಾರಣ ಇನ್ನೂ ಕೆಳಗಿತ್ತು. ಒಂದು ಕಾಲಿನ ಅಡಿ ನಮ್ಮ ಹಳೆಯ ಕಾವಿ ನೆಲ ಟೊಳ್ಳಾಗಿತ್ತು. ಭಾರ ಬಿದ್ದೊಡನೆ ಆ ಕಾಲು ಕುಸಿದಿತ್ತು. ಅಲ್ಲಿ ತಟ್ಟಿದರೆ ಒಣಗಿದ ತೆಂಗಿನಕಾಯಿಯ ಸದ್ದು. ತಪ್ಪಿನಲ್ಲಿ ನನ್ನ ನೆಲದ ಪಾಲೂ ಇತ್ತು ಎಂದು ತಿಳಿದಾಗ ಹಿಂದಿನ ರಾತ್ರಿಯ ಸಿಟ್ಟು ಅರ್ಧ ಇಳಿಯಿತು.

ಕಾಲನ್ನು ಎತ್ತಿ, ಅಡಿಗೆ ಒಂದಡಿ ಚೌಕದ ಕಡಪ ಕಲ್ಲು ಕೊಟ್ಟು, ಮೊದಲು ಮರದ ಚೌಕಟ್ಟನ್ನಷ್ಟೇ ಮಟ್ಟ ಮಾಡಿದರು. ಆಮೇಲೆ ಕಲ್ಲುಗಳು. ಅವುಗಳನ್ನು ಕೂದಲೆಳೆಯಷ್ಟು ಎತ್ತಲು ಏನು ಇಡುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ "ಮನೆಯಲ್ಲಿ ಇಸ್ಪೀಟು ಇದೆಯೇ?" ಎಂದು ಕೇಳಿದರು. ನನ್ನ ಅಮ್ಮ ಸಂಕೋಚದಿಂದಲೇ ತಮ್ಮ ಪೆಟ್ಟಿಗೆಯಿಂದ ಹಳೆಯ ಕಟ್ಟು ತಂದುಕೊಟ್ಟರು. ಇಸ್ಪೀಟು ಎಲೆಯ ದಪ್ಪ ಎಲ್ಲೆಡೆ ಒಂದೇ, ಒತ್ತಿದರೂ ಸುಲಭಕ್ಕೆ ಕುಗ್ಗುವುದಿಲ್ಲ. ಒಂದು ಕಡೆ ಎರಡು ಎಲೆ, ಇನ್ನೊಂದು ಕಡೆ ಒಂದು. ಲೆವೆಲ್ ಇಟ್ಟು ನೋಡಿ ಒಂದು ತೆಗೆದರು. ಮತ್ತೆ ಅರ್ಧ ಕತ್ತರಿಸಿ ಸೇರಿಸಿದರು. ಮಧ್ಯಾಹ್ನದ ಊಟದವರೆಗೂ ಇದೇ ನಡೆಯಿತು. ಕಳಾವರದ ರಾಣಿ ಇಂದಿಗೂ ನಮ್ಮ ನಡುಗಲ್ಲಿನ ಕೆಳಗಿದ್ದಾಳೆ.

ಕೂಡುಗೆರೆ ತುಂಬಲು ಅವರು ಕೇಳಿದ್ದು ಜೇನುಮೇಣ. ಅದಕ್ಕೆ ನಮ್ಮ ಮನೆಯಲ್ಲಿ ಬರವಿರಲಿಲ್ಲ, ತೋಟದ ತುಡುವೆ ಪೆಟ್ಟಿಗೆಯದೇ ಇತ್ತು. ಸೌಟಿನಲ್ಲಿ ಕರಗಿಸಿ ಗೆರೆಗುಂಟ ಸುರಿದು, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಕೆರೆದು ಕಲ್ಲಿನ ಸಮಕ್ಕೆ ತಂದರು. ಮೇಣ ಪುಟ್ಟಿಯಂತೆ ಪುಡಿಯಾಗುವುದಿಲ್ಲ, ಮುಂದೆ ಕಲ್ಲು ಬಿಚ್ಚಬೇಕಾದರೆ ಬಿಸಿ ತಾಗಿಸಿದರೆ ಸಾಕು. ಬಿಸಿಲ ನಾಡಿನಲ್ಲಿ ಅದು ಮೆತ್ತಗಾಗುವ ಭಯವಿದೆ, ನಮ್ಮ ತಂಪಿಗೆ ಹೇಳಿ ಮಾಡಿಸಿದ್ದು. ಕೋಣೆಯೆಲ್ಲ ಜೇನಿನ ವಾಸನೆ ತುಂಬಿತ್ತು.

ಬಟ್ಟೆ ಮತ್ತೆ ಎಳೆದು ಕಟ್ಟುವುದು ಇಬ್ಬರ ಕೆಲಸ. ಮೊದಲಿನವರು ಅಂಚನ್ನು ತೀರ ಚಿಕ್ಕದಾಗಿ ಕತ್ತರಿಸಿದ್ದರಿಂದ ಹಿಡಿಯಲು ಎರಡು ಬೆರಳಿನಷ್ಟೇ ಉಳಿದಿತ್ತು. ನಾನು ಒಂದು ತುದಿ ಹಿಡಿದರೆ ಎಪ್ಪತ್ತು ದಾಟಿದ ಅವರು ಇನ್ನೊಂದು ತುದಿಯಿಂದ ಎಳೆದ ಎಳೆತಕ್ಕೆ ನಾನೇ ಮುಂದೆ ಜಾರಿದೆ. ದೀಪ ಹಚ್ಚುವ ಹೊತ್ತಿಗೆ ಕುಶನ್ ಕೂರಿಸಿ, ಚೆಂಡನ್ನು ಮಗಳ ಕೈಗೆ ಕೊಟ್ಟರು. ಅವಳು ಉರುಳಿಸಿದಳು. ಚೆಂಡು ನೇರವಾಗಿ ಹೋಗಿ, ನೇರವಾಗಿಯೇ ಸೋತು, ನಿಂತಿತು. ಅಷ್ಟು ಸುಂದರವಾಗಿ ಒಂದು ವಸ್ತು ನಿಲ್ಲುವುದನ್ನು ನಾನು ಅದಕ್ಕೂ ಮುಂಚೆ ಗಮನಿಸಿರಲಿಲ್ಲ.

ಮಾರ್ಕರ್ ಅವರನ್ನು ಬಸ್ಸಿಗೆ ಬಿಡಲು ಹೋಗುವಾಗ ಊಟಿಯ ಮಾತು ಬಂತು. ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ 1875ರಲ್ಲಿ ಜಬಲ್ಪುರದಲ್ಲಿ ಆಡಲು ಶುರುಮಾಡಿದ ಸ್ನೂಕರಿಗೆ, 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ನಿಯಮಗಳು ಗೊತ್ತಾದವು ಎಂದು ಓದಿದ್ದೆ. ನಮ್ಮಂಥದೇ ಮಂಜು, ಮಳೆಯ ಊರು. ನಿಯಮ ಬರೆದವರ ಹೆಸರು ಉಳಿದಿದೆ. ಆ ಮಳೆಯಲ್ಲಿ ಮೇಜಿನ ಬಟ್ಟೆ ಒಣಗಿಸಿಟ್ಟವರ ಹೆಸರು ನಾನೆಲ್ಲೂ ಓದಿಲ್ಲ. ಇದನ್ನು ಹೇಳಿದಾಗ ಅವರು ಕಿಟಕಿಯ ಹೊರಗೆ ನೋಡುತ್ತಾ, "ಅಲ್ಲಿಯೂ ಒಬ್ಬ ಮಾರ್ಕರ್ ಇದ್ದೇ ಇರುತ್ತಾನೆ" ಎಂದಷ್ಟೇ ಹೇಳಿದರು.

ನಿಜವಾದ ಪರೀಕ್ಷೆ ಬಂದದ್ದು ಪುಷ್ಯ ಮಳೆಗೆ. ಮೂರು ದಿನ ಕರೆಂಟಿಲ್ಲ. ನಾಲ್ಕನೆಯ ದಿನ ಚೆಂಡು ಹೊಡೆದರೆ ಕೆಸರಿನಲ್ಲಿ ಓಡಿದಂತೆ ಓಡಿತು. ಉಣ್ಣೆ ತೇವ ಹೀರಿತ್ತು. ನಾನು ಮಾಡಿದ್ದ ಇನ್ನೊಂದು ತಪ್ಪೂ ಆಗ ಗೊತ್ತಾಯಿತು: ಮಳೆಯಿಂದ ಕಾಪಾಡಲೆಂದು ಪ್ಲಾಸ್ಟಿಕ್ ಹೊದಿಸಿದ್ದೆ, ಅದು ತೇವವನ್ನು ಒಳಗೇ ಕೂಡಿಹಾಕಿತ್ತು. ಮಾರ್ಕರ್ ಫೋನಿನಲ್ಲಿ ಕೇಳಿದರು: "ಬಟ್ಟೆ ಮುಟ್ಟಿ ನೋಡಿದಿರಾ? ಅಂಗೈಯಲ್ಲಲ್ಲ, ಮುಂಗೈಯಲ್ಲಿ." ಮುಂಗೈಗೆ ಅದು ತಣ್ಣಗೆ ತಾಗಿತು. ಪ್ಲಾಸ್ಟಿಕ್ ತೆಗೆದು ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿದೆವು. ಗೋಡೆಗೆ ಒರಗಿಸಿಟ್ಟಿದ್ದ ಕೋಲುಗಳು ಬಾಗುತ್ತವೆಂದು ನೆಟ್ಟಗೆ ನಿಲ್ಲುವ ಸ್ಟ್ಯಾಂಡಿಗೆ ಹಾಕಿದೆವು. ಕಿಟಕಿಯ ಸಂದು ಬಿಟ್ಟು ಕೋಣೆಯ ಬಾಗಿಲಾಚೆ ಅಗ್ಗಿಷ್ಟಿಕೆ ಇಟ್ಟೆವು. ಕರೆಂಟು ಬಂದ ಮೇಲೆ ಮೊದಲು ಬ್ರಷ್, ಆಮೇಲೆ ಇಸ್ತ್ರಿ. ಎರಡೂ ಬಾಕ್ ಕಡೆಯಿಂದ ಮೇಲಕ್ಕೆ, ನೇರ ಗೆರೆಯಲ್ಲಿ, ಹಿಂದಕ್ಕೆ ಎಳೆಯಬಾರದು. ಇಸ್ತ್ರಿಪೆಟ್ಟಿಗೆಯನ್ನು ಮೊದಲು ಬಿಳಿ ಕಾಗದದ ಮೇಲೆ ಒತ್ತಿ ನೋಡಬೇಕು, ಕಾಗದ ಕಂದಿದರೆ ಬಿಸಿ ಹೆಚ್ಚಾಯಿತು. ಬಟ್ಟೆಯ ಮೇಲೆ ಒಂದು ಕ್ಷಣವೂ ಅದು ನಿಲ್ಲಬಾರದು. ಇದನ್ನೆಲ್ಲ ಈಗ ಮಗಳೇ ಮಾಡುತ್ತಾಳೆ. ಚೆಂಡುಗಳನ್ನು ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒರೆಸುವವಳೂ ಅವಳೇ. ಕೋಲಿನ ತುದಿಗೆ ಚಾಕ್ ಹಚ್ಚುವುದನ್ನು ಮೇಜಿನ ಮೇಲೆ ಮಾಡಿದರೆ ನನಗೂ ಬೈಗುಳ ತಪ್ಪುವುದಿಲ್ಲ, ಆ ಪುಡಿ ಬಟ್ಟೆಯನ್ನು ಸವೆಸುತ್ತದೆ.

ಮಳೆ ನಿಂತ ಅಕ್ಟೋಬರಿನಲ್ಲಿ ಮಾರ್ಕರ್ ಮತ್ತೊಮ್ಮೆ ಬಂದರು. ಕಲ್ಲು ಅಲುಗಿರಲಿಲ್ಲ. ಮರದ ಚೌಕಟ್ಟು ಮಾತ್ರ ಒಂದು ಮೂಲೆಯಲ್ಲಿ ಕೊಂಚ ಎದ್ದಿತ್ತು. ಕಾಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿದರು, ಮುಗಿಯಿತು. ಇಡೀ ದಿನ ಇಟ್ಟುಕೊಂಡು ಬಂದಿದ್ದ ಅವರಿಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲ. ಮಗಳು ಬ್ರಷ್ ತೆಗೆದುಕೊಂಡು ಬಾಕ್ ಕಡೆಯಿಂದ ಶುರುಮಾಡಿದಳು. ಅವರು ಸ್ವಲ್ಪ ಹೊತ್ತು ಬಾಗಿಲ ಬಳಿ ನಿಂತು ನೋಡಿದರು. ಆಮೇಲೆ ತಾವೇ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಕುಳಿತರು.

"ಕುಶನ್ನಿನ ಬುಡದಲ್ಲಿ ಬಿಟ್ಟುಹೋಗಿದೆ ಕೂಸೇ" ಎಂದರು, ಕುಳಿತಲ್ಲಿಂದಲೇ.