ವಾಚನಾಲಯದ ಲಿನಕ್ಸ್ ಯಂತ್ರಗಳು: ಬೀಪ್ ಮತ್ತು ಕೀಬೋರ್ಡ್ ಕೆಲಸ ಎಲ್ಲಿಗೆ ಬಂತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಮ್ಮೂರಿನ ವಾಚನಾಲಯದ ಹಳೆ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿ, ಮಾಟೆ ಡೆಸ್ಕ್‌ಟಾಪ್ ಕೂರಿಸಿ ಆಗಿದೆ. ಕನ್ನಡ ಕೀಲಿಮಣೆ ಸರಿಯಾಗಿದೆ, ಫಾಂಟುಗಳು ಸರಿಯಾಗಿವೆ. ಉಳಿದದ್ದು ಎರಡು ದೂರು. ಒಂದು, ಪೇಪರ್ ಓದುವವರ ಕಿವಿಗೆ ಬಡಿಯುವ ಬೀಪ್. ಇನ್ನೊಂದು, ಟೈಪ್ ಮಾಡುತ್ತಾ ಇದ್ದ ಹಾಗೇ ಕೀಬೋರ್ಡ್ ಅಕ್ಷರ ಕೊಡುವುದನ್ನೇ ನಿಲ್ಲಿಸುವುದು. ಇವೆರಡಕ್ಕೂ ಒಳಗೊಳಗೇ ನಂಟು ಇದೆ ಅಂತ ಗೊತ್ತಾದದ್ದು ಕೆಲಸಕ್ಕೆ ಕೈ ಹಾಕಿದ ಮೇಲೆ.

‘ಬೀಪ್ ಬರ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಬರುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಂಡೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು. ಆಗ ಮೇಜಿನ ಅಡಿಯಲ್ಲಿ ಕೂಗುವುದು ಯುಪಿಎಸ್. ಬ್ಯಾಟರಿಯಲ್ಲಿ ಓಡುತ್ತಿದೆ, ಫೈಲ್ ಸೇವ್ ಮಾಡಿಕೊಳ್ಳಿ ಅನ್ನುವ ಸೂಚನೆ ಅದು, ಇರಲೇಬೇಕು. ಸ್ವಿಚ್ ಹಾಕಿದ ಕೂಡಲೇ, ಪರದೆಯಲ್ಲಿ ಏನೂ ಮೂಡುವ ಮೊದಲೇ ಕೇಳುವ ಬೀಪ್ ಬಯಾಸ್‌ನದ್ದು, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ್ದು. ಒಂದು ಯಂತ್ರದಲ್ಲಿ ಅದು ಬಿಡದೆ ಕೂಗುತ್ತಿತ್ತು. ರ‍್ಯಾಮ್ ತೆಗೆದು, ಒರೆಸಿ, ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿದ ಮೇಲೆ ನಿಂತಿತು. ಈ ಎರಡನ್ನೂ ಪಕ್ಕಕ್ಕಿಟ್ಟರೆ ಉಳಿದವೆಲ್ಲ ಲಿನಕ್ಸ್ ಏಳಿಸುವ ಶಬ್ದಗಳು.

ಅದರಲ್ಲಿ ಜೋರಿನದ್ದು ಕ್ಯಾಬಿನೆಟ್ ಒಳಗಿನ ಪುಟ್ಟ ಸ್ಪೀಕರ್‌ನಿಂದ ಬರುತ್ತದೆ. 1981ರ ಐಬಿಎಂ ಪಿಸಿ ಕಾಲದಿಂದ ಬಂದ ವ್ಯವಸ್ಥೆ ಇದು. ಸೌಂಡ್ ಕಾರ್ಡ್ ಬೇಡ. ಸೆಕೆಂಡಿಗೆ ಸುಮಾರು 11,93,182 ಸಲ ಮಿಡಿಯುವ ಒಂದು ಟೈಮರ್ ಚಿಪ್ ಇದೆ, ಆ ಲೆಕ್ಕವನ್ನು ಭಾಗ ಮಾಡಿ ಬೇಕಾದ ಸ್ವರ ಹುಟ್ಟಿಸುತ್ತಾರೆ. ಸಾಮಾನ್ಯ ಸ್ಪೀಕರ್‌ನ ವಾಲ್ಯೂಮ್ ಎಷ್ಟು ಇಳಿಸಿದರೂ ಈ ಶಬ್ದ ಇಳಿಯುವುದಿಲ್ಲ, ಹೆಡ್‌ಫೋನ್ ಹಾಕಿದರೆ ಅದರೊಳಗೆ ಹೋಗುವುದೂ ಇಲ್ಲ. ಲಿನಕ್ಸ್ ಕರ್ನೆಲ್‌ನಲ್ಲಿ ಇದನ್ನು ನಡೆಸುವ ಮಾಡ್ಯೂಲ್‌ನ ಹೆಸರು ಪಿಸಿಎಸ್‌ಪಿಕೆಆರ್. ಸುಡೊ ಹಾಕಿ ‘ಮಾಡ್‌ಪ್ರೋಬ್ -ಆರ್ ಪಿಸಿಎಸ್‌ಪಿಕೆಆರ್’ ಅಂದರೆ ಆ ಕ್ಷಣಕ್ಕೆ ಬಾಯಿ ಮುಚ್ಚುತ್ತದೆ, ರೀಬೂಟ್ ಆದರೆ ಮತ್ತೆ ಶುರು. ಶಾಶ್ವತವಾಗಿ ಬೇಡ ಅಂದರೆ ಇಟಿಸಿ ಫೋಲ್ಡರಿನ ಮಾಡ್‌ಪ್ರೋಬ್.ಡಿ ಒಳಗೆ ಒಂದು ಫೈಲ್ ಮಾಡಿ ‘ಬ್ಲ್ಯಾಕ್‌ಲಿಸ್ಟ್ ಪಿಸಿಎಸ್‌ಪಿಕೆಆರ್’ ಎಂಬ ಒಂದೇ ಸಾಲು ಬರೆಯಬೇಕು.

ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮಲ್ಲಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕೊಡುವ ಗ್ನೂ/ಲಿನಕ್ಸ್‌ನಲ್ಲೇ ಪಾಠ, ಎಸ್ಸೆಸ್ಸೆಲ್ಸಿಯ ಐಟಿ ಪ್ರಾಕ್ಟಿಕಲ್ ಕೂಡ ಅದರಲ್ಲೇ. ‘ಶಾಲೆಯ ಲ್ಯಾಪ್‌ಟಾಪ್ ಹೀಗೆ ಕೂಗುದಿಲ್ಲ, ಇದು ಎಂತಕೆ ಕೂಗ್ತದೆ?’ ಅಂತ ಅವರು ಕೇಳುತ್ತಿದ್ದರು. ಶಾಲೆಯದ್ದು ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಆಧಾರಿತ. ಉಬುಂಟುವಿನಲ್ಲಿ ಪಿಸಿಎಸ್‌ಪಿಕೆಆರ್ ಮೊದಲಿಂದಲೇ ಬ್ಲ್ಯಾಕ್‌ಲಿಸ್ಟ್ ಆಗಿರುತ್ತದೆ. ನಮ್ಮ ಡೆಬಿಯನ್‌ನಲ್ಲಿ ಹಾಗೆ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಟರ್ಮಿನಲ್‌ನದ್ದು ಸಣ್ಣ ಕೆಲಸ. ಟ್ಯಾಬ್ ಒತ್ತಿ ಪೂರ್ತಿ ಮಾಡಲು ಏನೂ ಸಿಗದಿದ್ದರೆ ಆದೇಶಗಳನ್ನು ನಡೆಸುವ ಬ್ಯಾಶ್ ಗಂಟೆ ಹೊಡೆಯುತ್ತದೆ. ಆಸ್ಕಿ ಪಟ್ಟಿಯ 7ನೇ ಅಕ್ಷರವೇ ಆ ಗಂಟೆ, ಟೆಲಿಪ್ರಿಂಟರ್ ಕಾಲದ್ದು. ಇಟಿಸಿ ಫೋಲ್ಡರಿನ ಇನ್‌ಪುಟ್‌ಆರ್‌ಸಿ ಫೈಲಿನಲ್ಲಿ ‘ಸೆಟ್ ಬೆಲ್-ಸ್ಟೈಲ್ ನನ್’ ಎಂಬ ಸಾಲನ್ನು ಡೆಬಿಯನ್‌ನವರೇ ಬರೆದಿಟ್ಟಿರುತ್ತಾರೆ, ಮುಂದೆ ಒಂದು ಹ್ಯಾಶ್ ಹಾಕಿ. ಹ್ಯಾಶ್ ಅಳಿಸಿದರೆ ಆಯಿತು.

ಲ್ಯಾಪ್‌ಟಾಪ್ ಒಂದು ಮಾತ್ರ ಹಠ ಮಾಡಿತು. ಮಾಡ್ಯೂಲ್ ತೆಗೆದ ಮೇಲೂ ಬೀಪ್ ಬರುತ್ತಲೇ ಇತ್ತು. ಅದರಲ್ಲಿ ಪ್ರತ್ಯೇಕ ಸ್ಪೀಕರ್ ಇಲ್ಲ, ಸೌಂಡ್ ಚಿಪ್ಪೇ ಬೀಪ್ ಹುಟ್ಟಿಸಿ ಮಾಮೂಲಿ ಸ್ಪೀಕರಿಗೆ ಕಳಿಸುತ್ತದೆ. ಶಬ್ದದ ಮಟ್ಟ ಹೊಂದಿಸುವ ಅಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಬಲಕ್ಕೆ ಸರಿಯುತ್ತಾ ಹೋದರೆ ‘ಬೀಪ್’ ಎಂಬ ಕಂಬ ಸಿಗುತ್ತದೆ. ಅದರ ಮೇಲೆ ನಿಂತು ಎಮ್ ಒತ್ತಿದರೆ ಮ್ಯೂಟ್. ಆಮೇಲೆ ‘ಅಲ್ಸಾಸಿಟಿಎಲ್ ಸ್ಟೋರ್’ ಕೊಟ್ಟು ಉಳಿಸಿದೆ.

ಇನ್ನು ಕೀಬೋರ್ಡಿನ ವಿಷಯ. ನಾನು ಜಾಸ್ತಿ ಹೊತ್ತು ಕೂತದ್ದು ಇದರ ಮುಂದೆ.

‘ಎಂತದು ಮಾರಾಯ, ಒತ್ತಿದ್ರೆ ಅಕ್ಷರವೇ ಬರುದಿಲ್ಲ’ ಅಂತ ದೂರು ಬಂದಾಗ ಪಕ್ಕದಲ್ಲೇ ನಿಂತು ನೋಡಿದೆ. ಒಬ್ಬ ಹುಡುಗ ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ‘ಭಾಷೆ’ ಬರೆಯಲು ಹೊರಟಿದ್ದ. ಎಡಗೈಯ ಕಿರುಬೆರಳು ಶಿಫ್ಟ್ ಮೇಲೆ, ಕಣ್ಣು ಕೀಬೋರ್ಡಿನ ಮೇಲೆ, ‘ಭ’ ಎಲ್ಲಿದೆ ಎಂಬ ಹುಡುಕಾಟ. ಕೀಲಿಗಳ ಮೇಲೆ ಕನ್ನಡ ಅಚ್ಚಾಗಿಲ್ಲ. ನಡುವೆ ಒಂದು ಬೀಪ್ ಬಂತು, ಅವನಿಗೆ ಅದು ಕೇಳಿದ ಹಾಗೆ ಕಾಣಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಂದು ಶಬ್ದ, ತಗ್ಗಿನಿಂದ ಮೇಲಕ್ಕೆ ಏರುವಂಥದ್ದು. ಮೂಲೆಯಲ್ಲಿ ಇಂಗ್ಲಿಷಿನ ಒಂದು ಸೂಚನೆ ಬಂತು, ಓದುವ ಮೊದಲೇ ಹೋಯಿತು. ಆಮೇಲೆ ಏನು ಒತ್ತಿದರೂ ಪರದೆಯಲ್ಲಿ ಏನೂ ಇಲ್ಲ.

ಕಾರಣ ಇದು. ಪರದೆಯ ಕಿಟಕಿ, ಮೌಸ್, ಕೀಬೋರ್ಡ್ ನಡೆಸುವ ಎಕ್ಸ್ ವಿಂಡೋ ವ್ಯವಸ್ಥೆಯ ಕೀಬೋರ್ಡ್ ಭಾಗದಲ್ಲಿ ಆಕ್ಸೆಸ್‌ಎಕ್ಸ್ ಎಂಬ ಸೌಲಭ್ಯ ಇದೆ, ಕೈಬೆರಳು ಸುಲಭಕ್ಕೆ ಮಾತು ಕೇಳದವರಿಗಾಗಿ ಮಾಡಿದ್ದು. ಶಿಫ್ಟ್ ಒಂದನ್ನೇ 8 ಸೆಕೆಂಡ್ ಅದುಮಿ ಹಿಡಿದರೆ ಸ್ಲೋ ಕೀಸ್ ಆನ್ ಆಗುತ್ತದೆ. 4ನೇ ಸೆಕೆಂಡಿಗೆ ಎಚ್ಚರಿಕೆಯ ಬೀಪ್. ಆನ್ ಆದಾಗ ಏರುವ ಶಬ್ದ, ಆಫ್ ಆದಾಗ ಇಳಿಯುವ ಶಬ್ದ. ಸ್ಲೋ ಕೀಸ್ ಇದ್ದಾಗ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತದೆ, ತಟ್ಟಿ ಬಿಟ್ಟರೆ ಬರುವುದಿಲ್ಲ. ಕೈ ತಪ್ಪಿ ತಾಗಿದ ಕೀಲಿಗಳು ಲೆಕ್ಕಕ್ಕೆ ಬಾರದಿರಲಿ ಎಂಬ ಉದ್ದೇಶ. ಹಾಗೇ ಬೇರೇನೂ ಒತ್ತದೆ ಶಿಫ್ಟನ್ನು 5 ಸಲ ತಟ್ಟಿದರೆ ಸ್ಟಿಕಿ ಕೀಸ್ ಆನ್. ಆಗ ಶಿಫ್ಟ್ ಒತ್ತಿ ಬಿಟ್ಟರೂ ಮುಂದಿನ ಅಕ್ಷರಕ್ಕೆ ಅದು ಅಂಟಿಕೊಂಡೇ ಇರುತ್ತದೆ.

ಅಂದರೆ ನಾವು ಕಾಟ ಅಂದುಕೊಂಡಿದ್ದ ಬೀಪ್ ‘ಇಗೋ, ಒಂದು ಸೌಲಭ್ಯ ಆನ್ ಆಯಿತು’ ಅಂತ ತಿಳಿಸುತ್ತಿತ್ತು. ಬೀಪನ್ನು ಮಾತ್ರ ಅಡಗಿಸಿದ್ದರೆ ಕೀಬೋರ್ಡ್ ನಿಲ್ಲುವುದು ನಿಲ್ಲುತ್ತಿರಲಿಲ್ಲ, ಸುಳಿವು ಮಾತ್ರ ಹೋಗುತ್ತಿತ್ತು. ನಿಮ್ಮಲ್ಲೂ ಹೀಗಾದರೆ ಸುಮ್ನೆ ರೀಬೂಟ್ ಮಾಡಬೇಡಿ. ಶಿಫ್ಟನ್ನು ಇನ್ನೊಮ್ಮೆ 8 ಸೆಕೆಂಡ್ ಹಿಡಿಯಿರಿ, ಇಳಿಯುವ ಶಬ್ದ ಕೇಳುತ್ತದೆ, ಅಕ್ಷರ ಬರುತ್ತದೆ. ಖಚಿತ ಮಾಡಿಕೊಳ್ಳಲು ಎಕ್ಸ್‌ಕೆಬಿಸೆಟ್ ಎಂಬ ಪ್ಯಾಕೇಜ್ ಹಾಕಿ, ಅದರ ಹೆಸರಿನ ಮುಂದೆ ‘ಕ್ಯೂ’ ಕೊಟ್ಟರೆ ಯಾವುದು ಆನ್, ಯಾವುದು ಆಫ್ ಎಂದು ಪಟ್ಟಿ ಬರುತ್ತದೆ.

ಇಂಗ್ಲಿಷ್ ಟೈಪ್ ಮಾಡುವವರಿಗೆ ಇದು ಅಪರೂಪಕ್ಕೆ ಆಗುವ ಸಂಗತಿ. ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡ ಕಲಿಯುವವರಿಗೆ ಹಾಗಲ್ಲ. ಮಹಾಪ್ರಾಣಗಳೆಲ್ಲ ಶಿಫ್ಟ್ ಹಿಡಿದೇ ಬರಬೇಕು. ಪದದ ಮೊದಲಿಗೆ ಬರುವ ಅ, ಆ, ಇ, ಎ ಕೂಡ ಹಾಗೇ. ಣ, ಳ, ಶ, ಷ ಸಹ. ‘ಅಣ್ಣ’ ಅಂತ ಬರೆಯಲು ನಾಲ್ಕು ಒತ್ತು, ಅದರಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಕೈಗೆ ಅಭ್ಯಾಸ ಆಗದವರು ಶಿಫ್ಟ್ ಹಿಡಿದು ಹುಡುಕುತ್ತಾರೆ, ಅಥವಾ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಎರಡೂ ದಾರಿ ಆಕ್ಸೆಸ್‌ಎಕ್ಸ್‌ಗೇ ಹೋಗುತ್ತವೆ.

ಹಾಗಾದರೆ ಪೂರ್ತಿ ಆಫ್ ಮಾಡಿಬಿಡಬಹುದಲ್ವಾ? ಮಾಟೆಯ ಕೀಬೋರ್ಡ್ ಆದ್ಯತೆಗಳಲ್ಲಿ ಆಕ್ಸೆಸಿಬಿಲಿಟಿ ಟ್ಯಾಬ್ ಇದೆ. ಕೀಲಿ ಒತ್ತಿ ಈ ಸೌಲಭ್ಯಗಳನ್ನು ಆನ್ ಆಫ್ ಮಾಡಬಹುದು ಎಂಬ ಟಿಕ್ ಅದರ ಮೇಲ್ಭಾಗದಲ್ಲೇ. ತೆಗೆದರೆ ಮಕ್ಕಳ ಸಮಸ್ಯೆ ಮುಗಿಯಿತು. ಆದರೆ ಆ ಟಿಕ್ ತಾನಾಗಿ ಬಂದದ್ದಲ್ಲ, ನಮ್ಮ ನಿವೃತ್ತ ಮಾಷ್ಟ್ರಿಗಾಗಿ ಹಾಕಿದ್ದು. ಅವರು ತಮ್ಮ ತಾಳಮದ್ದಳೆಯ ಹಳೆ ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಬಲಗೈ ನಡುಗುತ್ತದೆ, ಎಡಗೈಯಲ್ಲಿ ಶಕ್ತಿ ಕಮ್ಮಿ. ಎಲ್ಲರಿಗೂ ಒಂದೇ ಲಾಗಿನ್ ಇದ್ದ ಕಾರಣ ಅವರಿಗೆ ಬೇಕಾದದ್ದು ಊರಿಗೆಲ್ಲ ತಾಗಿತ್ತು.

1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಸೆಂಟರಿನಲ್ಲಿ ಈ ಸೌಲಭ್ಯಗಳಿಗೆ ರೂಪ ಕೊಟ್ಟವರು ಶಿಫ್ಟ್ ಕೀಲಿಯನ್ನೇ ಆರಿಸಿದ್ದರಲ್ಲಿ ಅರ್ಥ ಇದೆ. ಮೌಸ್ ಹಿಡಿಯಲು ಆಗದವರು ಮೆನು ತೆರೆದು ಸೆಟ್ಟಿಂಗ್ ಹುಡುಕಬೇಕು ಅಂದರೆ ಹೇಗೆ? ಕೂತಲ್ಲೇ, ಒಂದೇ ಕೀಲಿಯಲ್ಲಿ, ಯಾರ ಸಹಾಯವೂ ಇಲ್ಲದೆ ಶುರು ಮಾಡಲು ಆಗಬೇಕು. ಡೆಬಿಯನ್ ಇನ್‌ಸ್ಟಾಲರ್ ಮೆನು ಬಂದಾಗ ಬೀಪ್ ಮಾಡುವುದೂ ಇಂಥದೇ ಕಾರಣಕ್ಕೆ. ಕಣ್ಣು ಕಾಣದವರಿಗೆ ‘ಮೆನು ಬಂತು’ ಅಂತ ತಿಳಿಯಬೇಕು. ಅಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಇನ್‌ಸ್ಟಾಲರ್ ಮಾತಾಡುತ್ತಾ ಮುಂದೆ ಹೋಗುತ್ತದೆ. ಇದನ್ನೆಲ್ಲ ಓದಿದ ಮೇಲೆ ಎಲ್ಲ ಯಂತ್ರಗಳಲ್ಲೂ ಕಿತ್ತು ಹಾಕುವ ಮನಸ್ಸು ಬರಲಿಲ್ಲ. ಶಬ್ದ ಬೇಡದವರಿಗೆ ಶಬ್ದ ಇರಬಾರದು, ಸೌಲಭ್ಯ ಬೇಕಾದವರಿಗೆ ಸೌಲಭ್ಯ ಇರಬೇಕು. ಕೆಲಸವನ್ನು ಆ ದಾರಿಯಲ್ಲೇ ತಿರುಗಿಸಿದೆ.

ಮಾಷ್ಟ್ರಿಗೆ ಬೇರೆ ಲಾಗಿನ್ ಮಾಡಿದ್ದಾಯಿತು. ಅವರದ್ದರಲ್ಲಿ ಸ್ಟಿಕಿ ಕೀಸ್ ಯಾವಾಗಲೂ ಆನ್. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ಆಫ್ ಆಗಲಿ ಎಂಬ ಟಿಕ್ ಅದರ ಕೆಳಗೇ ಇರುತ್ತದೆ, ನಡುಗುವ ಕೈಗೆ ಅದು ತೊಂದರೆ, ತೆಗೆದೆ. ಜತೆಗೆ ಬೌನ್ಸ್ ಕೀಸ್ ಹಾಕಿದೆ. ಒಂದೇ ಕೀಲಿ ಬೇಗ ಬೇಗ ಎರಡು ಸಲ ತಾಗಿದರೆ ಎರಡನೆಯದನ್ನು ಇದು ಬಿಟ್ಟುಬಿಡುತ್ತದೆ. ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಇಂಗ್ಲಿಷಿನಲ್ಲಿ ಜೋಡಿ ಅಕ್ಷರಕ್ಕೆ ಒಂದೇ ಕೀಲಿಯನ್ನು ಬೆನ್ನುಬೆನ್ನಿಗೆ ಒತ್ತಬೇಕು. ನಮ್ಮಲ್ಲಿ ‘ಅಕ್ಕ’ ಬರೆಯುವಾಗ ಎರಡು ‘ಕ’ಗಳ ನಡುವೆ ಅರ್ಧಾಕ್ಷರದ ಕೀಲಿ ಬರುತ್ತದಲ್ಲ, ಹಾಗಾಗಿ ಒತ್ತಕ್ಷರಗಳಿಗೆ ತೊಂದರೆ ಇಲ್ಲ. ಸಿಕ್ಕಿಬಿದ್ದದ್ದು ‘ನನಗೆ’ ಎಂಬಲ್ಲಿ. ಎರಡು ಒತ್ತುಗಳ ನಡುವಿನ ಅಂತರ 300 ಮಿಲಿಸೆಕೆಂಡ್ ಇಟ್ಟಾಗ ಒಂದು ‘ನ’ ಹಾರಿ ‘ನಗೆ’ ಆಗುತ್ತಿತ್ತು. ‘ನನ್ನ’ ಬರೆದರೆ ‘ನ್ನ’. ಮಾಷ್ಟ್ರು ಪಕ್ಕದಲ್ಲಿ ಕೂತು ಈ ಎರಡು ಪದಗಳನ್ನೇ ಬರೆಯುತ್ತಾ ಹೋದರು, ನಾನು ಗುಂಡಿಯನ್ನು ಇಳಿಸುತ್ತಾ ಬಂದೆ. 180ರ ಹತ್ತಿರ ಎರಡೂ ಸರಿಯಾದವು, ನಡುಕದ ಹೆಚ್ಚುವರಿ ಅಕ್ಷರಗಳೂ ನಿಂತವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಕಿಕೊಡುವುದಾದರೆ ಈ ಎರಡು ಪದಗಳಲ್ಲಿ ಪರೀಕ್ಷೆ ಮಾಡಿ, ಬೇಗ ಗೊತ್ತಾಗುತ್ತದೆ.

ಅವರಿಗೆ ಬೀಪ್ ಕೂಡ ಬೇಕು. ಕೀಲಿ ತಿರಸ್ಕಾರ ಆಯಿತೋ ಇಲ್ಲವೋ ಎಂದು ಪರದೆ ನೋಡದೆ ತಿಳಿಯಬೇಕು. ಅದೇ ಟ್ಯಾಬಿನ ಆಡಿಯೊ ಫೀಡ್‌ಬ್ಯಾಕ್ ಗುಂಡಿಯಲ್ಲಿ ಯಾವ ಯಾವ ಸಂದರ್ಭಕ್ಕೆ ಶಬ್ದ ಬೇಕು ಎಂದು ಒಂದೊಂದಾಗಿ ಆರಿಸಬಹುದು. ಆದರೆ ಕ್ಯಾಬಿನೆಟ್‌ನ ಸ್ಪೀಕರ್ ಈಗ ಮೂಕ. ಧ್ವನಿ ನಡೆಸುವ ತಂತ್ರಾಂಶವಾದ ಪಲ್ಸ್‌ಆಡಿಯೊದಲ್ಲಿ ಎಕ್ಸ್11-ಬೆಲ್ ಎಂಬ ಮಾಡ್ಯೂಲ್ ಇದೆ. ಎಕ್ಸ್ ಹೊಡೆಯುವ ಗಂಟೆಯನ್ನು ಹಿಡಿದು, ಅದರ ಬದಲು ಒಂದು ಧ್ವನಿ ಫೈಲನ್ನು ಸೌಂಡ್ ಕಾರ್ಡಿನಲ್ಲಿ ನುಡಿಸುತ್ತದೆ. ಸೌಂಡ್ ಕಾರ್ಡಿನಲ್ಲಿ ಬಂದ ಮೇಲೆ ಹೆಡ್‌ಫೋನಿಗೂ ಬಂತು. ಮಾಷ್ಟ್ರ ಲಾಗಿನ್ ಆದ ಕೂಡಲೇ ಮಾಡ್ಯೂಲ್ ಲೋಡ್ ಆಗುವ ಹಾಗೆ ಸ್ಟಾರ್ಟಪ್‌ಗೆ ಸೇರಿಸಿದ್ದೇನೆ. ಅವರ ಕಿವಿಗೆ ಮೆಲ್ಲಗೆ ಟಿಕ್ ಅನ್ನುತ್ತದೆ, ಪಕ್ಕದವರಿಗೆ ಏನೂ ಇಲ್ಲ. ಕಿವಿ ಕೇಳದವರು ಬಂದರೆ ಮಾಟೆಯ ವಿಂಡೋ ಮ್ಯಾನೇಜರ್ ಮಾರ್ಕೊದಲ್ಲಿ ವಿಷುವಲ್ ಬೆಲ್ ಇದೆ, ಶಬ್ದದ ಜಾಗದಲ್ಲಿ ಪರದೆ ಮಿನುಗುತ್ತದೆ.

ಉಳಿದವರ ಲಾಗಿನ್‌ಗೆ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳು ಕೂರುವ ಡಿಕಾನ್ಫ್‌ನಲ್ಲಿ ಒಂದು ಸಾಮಾನ್ಯ ಕಡತ ಬರೆದೆ: ಶಿಫ್ಟ್ ಶಾರ್ಟ್‌ಕಟ್ ಆಫ್, ಗಂಟೆ ಆಫ್. ಬೀಗ ಮಾತ್ರ ಹಾಕಲಿಲ್ಲ. ಯಾರಿಗಾದರೂ ಬೇಕಾದರೆ ತಾವೇ ಟಿಕ್ ಹಾಕಿಕೊಳ್ಳಬಹುದು. ಕಡತ ಬದಲಾಯಿಸಿದಾಗೆಲ್ಲ ‘ಡಿಕಾನ್ಫ್ ಅಪ್‌ಡೇಟ್’ ಕೊಡಬೇಕು, ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಇನ್ನು ಬಾಕಿ ಇರುವುದು ಮಾಟೆ ಬದಲು ನೋಮ್ ಡೆಸ್ಕ್‌ಟಾಪ್ ಹಾಕಿದ ಒಂದು ಲ್ಯಾಪ್‌ಟಾಪ್. ಅದು ಎಕ್ಸ್ ಬದಲಿಗೆ ವೇಲ್ಯಾಂಡ್‌ನಲ್ಲಿ ಓಡುತ್ತದೆ, ಎಕ್ಸ್‌ಕೆಬಿಸೆಟ್ ಅಲ್ಲಿ ನಡೆಯುವುದಿಲ್ಲ. ಸ್ಲೋ ಕೀಸ್, ಸ್ಟಿಕಿ ಕೀಸನ್ನು ನೋಮ್‌ನ ವಿಂಡೋ ಮ್ಯಾನೇಜರ್ ಮಟರ್ ತಾನೇ ನೋಡಿಕೊಳ್ಳುತ್ತದೆ, ಸೆಟ್ಟಿಂಗ್‌ಗಳು ಅದರದ್ದೇ ಆದ ಜಾಗದಲ್ಲಿವೆ. ಮಾಷ್ಟ್ರ 180ನ್ನು ಅದರಲ್ಲೂ ಹಾಕಿ ‘ನನಗೆ’, ‘ನನ್ನ’ ಬರೆಯಿಸಿ ನೋಡಬೇಕು. ಅದರ ಜತೆ ಶಿಫ್ಟ್ ಅಕ್ಷರಗಳ ಒಂದು ದೊಡ್ಡ ಚಾರ್ಟ್ ಪ್ರಿಂಟ್ ಮಾಡಿ ಪ್ರತಿ ಯಂತ್ರದ ಮೇಲೆ ಅಂಟಿಸುವ ಕೆಲಸವೂ ಇದೆ. ‘ಭ’ ಎಲ್ಲಿದೆ ಎಂದು ಕಣ್ಣಿಗೆ ಕಂಡರೆ ಶಿಫ್ಟ್ ಹಿಡಿದು ಕಾಯಬೇಕಾಗಿಲ್ಲ.