ಮೈಗೇನೋ ಪರವಾಗಿಲ್ಲ

ಭಾನುವಾರ ರಾತ್ರಿ ನಿದ್ದೆ ಬರ್ದೆ ಫೋನಲ್ಲಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ 'ದಿ ಯೆಲ್ಲೋ ವಾಲ್‌ಪೇಪರ್' ಓದ್ಬಿಟ್ಟೆ. 1892ರ ಅಮೆರಿಕದ ಕಥೆ, ಒಂದೇ ಉಸಿರಿಗೆ ಮುಗಿಯುತ್ತೆ. ಬೆಳಿಗ್ಗೆ ಕಾಫಿ ಕುಡೀತಾ ನಮ್ಮನೆಯವರು ಏನ್ ಕಥೆ ಅಂದ್ರು, ಹೇಳ್ದೆ. ಹೆರಿಗೆ ಆದ್ಮೇಲೆ ಮನಸ್ಸು ಸರಿಯಿಲ್ಲದ ಹೆಂಡ್ತಿ, ಗಂಡ ಜಾನ್ ಡಾಕ್ಟ್ರು, ನಿಂಗೇನಿಲ್ಲ ಸ್ವಲ್ಪ ನರಗಳ ಸುಸ್ತು ಅಂತ ಬೇಸಿಗೆಗೆ ದೊಡ್ಡ ಬಂಗ್ಲೆ ಬಾಡಿಗೆ ಹಿಡಿದು ಮೇಲಿನ ರೂಮಲ್ಲಿ ಇಡ್ತಾನೆ, ಬರೀಬಾರ್ದು, ಕೆಲಸ ಮಾಡ್ಬಾರ್ದು, ಬರೀ ರೆಸ್ಟು. ಕಿಟಕಿಗೆ ಸರಳು, ನೆಲಕ್ಕೆ ಮೊಳೆ ಹೊಡೆದ ಮಂಚ, ಗೋಡೆಗೆ ಅಸಹ್ಯ ಹಳದಿ ಕಾಗದ.

"ಪಾಪ, ಚೆನ್ನಾಗೇ ನೋಡ್ಕೊಂಡಿದಾನಲ್ಲ" ಅಂದ್ರು.

ನಂಗೆ ಉರಿದುಹೋಯ್ತು, ಆದ್ರೆ ತಪ್ಪು ಅನ್ನಕ್ಕೂ ಆಗಲ್ಲ. ಜಾನ್ ಹೊಡೆಯಲ್ಲ, ಬೈಯಲ್ಲ, ಎತ್ಕೊಂಡು ಹೋಗಿ ಮಲಗಿಸಿ ಪಕ್ಕ ಕೂತು ಪುಸ್ತಕ ಓದ್ತಾನೆ. ಅವಳು ಏನೇ ಹೇಳಿದ್ರೂ ನಗ್ತಾನೆ ಅಷ್ಟೇ. ಸಿಟ್ಟು ಮಾಡ್ಕೊಳ್ಳೋಣ ಅಂದ್ರೂ ಕೈಗೆ ಏನೂ ಸಿಗದಂಥ ಗಂಡ.

ಒಂದು ಬೆಳದಿಂಗಳ ರಾತ್ರಿ ಅವಳು ಇಲ್ಲಿಂದ ಹೋಗೋಣ ಅಂತಾಳೆ. ಇನ್ನು ಮೂರೇ ವಾರ ಇರೋದು, ಮೈ ತುಂಬ್ಕೊಳ್ತಿದೀಯ, ಬಣ್ಣ ಬಂದಿದೆ, ನಾನು ಡಾಕ್ಟ್ರಲ್ವಾ, ನಂಗೆ ಗೊತ್ತು ಅಂತಾನೆ. "ಮೈಗೇನೋ ಪರವಾಗಿಲ್ಲ, ಆದ್ರೆ..." ಅಂತ ಶುರು ಮಾಡ್ತಾಳೆ, ಅವನು ಎದ್ದು ಕೂತು ಒಂದು ನೋಟ ನೋಡ್ತಾನೆ, ಮಾತು ಅಲ್ಲೇ ನಿಂತೋಗುತ್ತೆ. ಅವಳು ಮಲಗಿದ್ಳು ಅಂದ್ಕೊಂಡು ಅವನು ನಿದ್ದೆ ಮಾಡ್ತಾನೆ. ಅವಳು ಗಂಟೆಗಟ್ಲೆ ಗೋಡೆಯ ಚಿತ್ತಾರ ನೋಡ್ತಾ ಬಿದ್ದಿರ್ತಾಳೆ.

ಆ 'ಆದ್ರೆ'ನ ನಾನು ಎಷ್ಟು ಸಲ ಓದಿದೀನೋ.

ನನ್ನ ಬಾಣಂತನದಲ್ಲಿ ಅಮ್ಮನ ಮನೆ ಕತ್ತಲೆ ರೂಮಲ್ಲಿ ಕಿವಿಗೆ ಹತ್ತಿ ಇಟ್ಕೊಂಡು ಮಾಡಿನ ಹೆಂಚು ಎಣಿಸ್ತಿದ್ದೆ. ಅಡ್ಡ ಎಣಿಸಿ, ಉದ್ದ ಎಣಿಸಿ, ಮಗು ಅತ್ರೆ ಲೆಕ್ಕ ತಪ್ಪೋದು, ಲೆಕ್ಕ ತಪ್ಪಿದ್ರೆ ನಂಗೂ ಅಳು. ನೋಡಕ್ಕೆ ಬಂದೋರಿಗೆಲ್ಲ ಅಮ್ಮ "ಈಗ ಮೈಕೈ ತುಂಬ್ಕೊಂಡಿದಾಳೆ" ಅನ್ನೋರು. ರಾತ್ರಿ ಇವರ ಫೋನು, ಹೇಗಿದೀಯ ಅಂತ. "ಮೈಗೇನೋ ಪರವಾಗಿಲ್ಲ..." "ಮತ್ತಿನ್ನೇನು! ಮಗೂನ ನೋಡ್ಕೋ, ಏನೇನೋ ಯೋಚ್ನೆ ಮಾಡ್ಬೇಡ." ಒಳ್ಳೆ ಮನುಷ್ಯ, ದಿನಾ ತಪ್ಪದೆ ಫೋನ್ ಮಾಡೋರು, ಆಣೆ ಮಾಡಿ ಹೇಳ್ತೀನಿ.

ಗಿಲ್ಮನ್‌ಗೂ ಹೀಗೇ ಆಗಿತ್ತಂತೆ. 1885ರಲ್ಲಿ ಮಗಳು ಹುಟ್ಟಿದ್ಮೇಲೆ ಖಿನ್ನತೆ ಜಾಸ್ತಿಯಾಗಿ, 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ಡಾಕ್ಟ್ರು ವಿಯರ್ ಮಿಚೆಲ್ ಹತ್ರ ಹೋದ್ರೆ, ಮನೆ ಮಗು ನೋಡ್ಕೊಂಡಿರು, ತಲೆಗೆ ಕೆಲಸ ದಿನಕ್ಕೆ ಎರಡೇ ಗಂಟೆ, ಬದುಕಿರೋವರೆಗೂ ಪೆನ್ನು ಬ್ರಶ್ಶು ಮುಟ್ಬೇಡ ಅಂದ್ರು. ಮೂರು ತಿಂಗಳು ಪಾಲಿಸಿ ಇನ್ನೇನು ಹುಚ್ಚೇ ಹಿಡೀತು ಅನ್ನೋ ಹೊತ್ಗೆ ಬಿಟ್ಟು ಮತ್ತೆ ಬರೆಯಕ್ಕೆ ಕೂತ್ರು. ಕಥೆಯ ಒಂದು ಪ್ರತೀನ ಆ ಡಾಕ್ಟ್ರಿಗೂ ಕಳಿಸಿದ್ರು, ಉತ್ತರ ಬರ್ಲೇ ಇಲ್ಲ ಅಂತ 1913ರಲ್ಲಿ ಅವರೇ ಬರ್ಕೊಂಡಿದಾರೆ. ಏನಂತ ಬರೀತಾರೆ ಪಾಪ.

ಬುಧವಾರ ಊಟಕ್ಕೆ ಕೂತಾಗ ಇವ್ರೇ ಕೇಳಿದ್ರು, ಆ ಕಥೆ ಕೊನೆಗೇನಾಯ್ತು ಅಂತ.

"ಕಾಗದ ಎಲ್ಲ ಕಿತ್ತಾಕಿ ಗೋಡೆ ಪಕ್ಕಕ್ಕೇ ತೆವಳ್ತಾ ಇರ್ತಾಳೆ. ಗಂಡ ಬಾಗಿಲು ತೆಗೆದು ನೋಡಿ ಮೂರ್ಛೆ ಬೀಳ್ತಾನೆ. ಅವಳು ಪ್ರತಿ ಸುತ್ತಿಗೂ ಅವನನ್ನ ದಾಟ್ಕೊಂಡೇ ತೆವಳ್ತಾಳೆ."

"ಅವನ್ಯಾಕೆ ಮೂರ್ಛೆ ಹೋದ?" ಅಂದ್ರು.

ಕಥೇಲಿ ಅವಳು ಕೇಳೋದೂ ಅದನ್ನೇ. ನಾನು ಇನ್ನೊಂದು ಸೌಟು ಹುಳಿ ಬಡಿಸ್ದೆ.